ಹಸಿರು ಬಳಿದ ಕೋಣೆ

ದೊಡ್ಡಬಳ್ಳಾಪುರ
೧೩ನೇ ಫೆಬ್ರವರಿ ೧೯೪೪, ಭಾನುವಾರ

ಪ್ರೀತಿಯ ಮಗು ವರಲಕ್ಷ್ಮೀ,

ಮನೆಮಂದಿಯೆಲ್ಲ ಒಟ್ಟಿಗೆ ಕೂತಾಗ ಈ ಕಾಗದವನ್ನು ಗಟ್ಟಿಯಾಗಿ ಓದು. ಅಲ್ಲಿರುವ ಹಿರಿಯರಿಗೆಲ್ಲ ನನ್ನ ನಮಸ್ಕಾರ. ಐದು ತಿಂಗಳಿಂದ ಬಾಣಂತಿಯನ್ನೂ ಕೂಸನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ ನಿನ್ನ ತಾಯಿ ಲಕ್ಷ್ಮೀದೇವಮ್ಮನಿಗಂತೂ ನಾವು ಋಣಿಗಳು. ನಿನ್ನ ಸೊಂಟದ ನೋವು ಇಳಿಯಿತೇ? ಮಗು ಮಗುಚಿಕೊಳ್ಳುತ್ತಾನಂತೆ, ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾನಂತೆ, ಕೇಳಿ ಹಿಗ್ಗಿದೆ.

ಬರುವ ಶುಕ್ರವಾರ ನೀವಿಬ್ಬರೂ ಕಾಲಿಡಲಿರುವ ಮನೆಯ ವರದಿ ಒಪ್ಪಿಸುತ್ತೇನೆ. ವಠಾರದ ಕೊನೆಯ ಎರಡೇ ಕೋಣೆ. ಆದರೂ ನಿಮ್ಮ ಮೊದಲನೆಯ ಮನೆ. ನಿನ್ನ ಗಂಡ ಗಂಗಣ್ಣ ನನ್ನ ಬಳಿ ಮಗ್ಗಿ ಕಲಿಯುವಾಗಲೂ ಇಷ್ಟು ಶ್ರದ್ಧೆ ತೋರಿಸಿರಲಿಲ್ಲ. ಯುದ್ಧದ ದೆಸೆಯಿಂದ ಪೇಟೆಯಲ್ಲಿ ಬಣ್ಣವೇ ಸಿಗುತ್ತಿಲ್ಲವಲ್ಲ; ಮಲೇರಿಯಾ ಕೆಲಸದಲ್ಲಿ ಅವನು ನೀರು ನಿಂತ ಕುಂಟೆಗಳಿಗೆ ಎರಚುವ ಹಸಿರು ಪುಡಿಯಲ್ಲಿ ಮಿಕ್ಕಿದ್ದ ಒಂದು ಡಬ್ಬಿಯನ್ನು ತಂದು ಸುಣ್ಣಕ್ಕೆ ಕಲಸಿದ. ನಾನು ಅನುಮಾನಿಸಿದೆ. ಹಳ್ಳಿಹಳ್ಳಿಯಲ್ಲಿ ರೈತರಿಗೆ ಹೇಳುವ ಮಾತನ್ನೇ ನನಗೂ ಹೇಳಿದ: “ದನ ಕುಡಿದ್ರೂ ಏನೂ ಆಗಲ್ಲ ಮೇಷ್ಟ್ರೇ, ಸೊಳ್ಳೆಮರಿ ಒಂದೇ ಸಾಯೋದು.” ಸರಿ, ನಾನೂ ಪಂಚೆ ಎತ್ತಿಕಟ್ಟಿ ಕುಂಚ ಹಿಡಿದೆ. ಗೋಡೆಗಳೀಗ ಗಿಣಿಯ ರೆಕ್ಕೆಯಂತೆ ಹೊಳೆಯುತ್ತಿವೆ. ಕೆಳಗೆ ಕೆಮ್ಮಣ್ಣಿನ ಪಟ್ಟಿ, ಬಾಗಿಲಿಗೆ ನೀನು ಹೆಣೆದ ಮಣಿತೋರಣ. ತೊಟ್ಟಿಲನ್ನು ಗೋಡೆಯ ಪಕ್ಕದಲ್ಲೇ ಕಟ್ಟಿದ್ದೇವೆ. ಮಗು ಕೈ ಚಾಚಿದರೆ ಹಸಿರು ಮುಟ್ಟೀತು.

ಸಣ್ಣಪುಟ್ಟ ಕೊರತೆಗಳು ಇಲ್ಲದಿಲ್ಲ. ಬಣ್ಣ ಸರಿಯಾಗಿ ಹಿಡಿದಿಲ್ಲ. ಒಣಗಿದ್ದು ಪುಡಿಯಾಗಿ ತೊಟ್ಟಿಲ ಬಟ್ಟೆಯ ಮೇಲೆ ಉದುರುತ್ತದೆ. ಬೆಳಗ್ಗೆ ಬಾಗಿಲು ತೆಗೆದರೆ ಹಲ್ಲಿಗಳು ಅಂಗಾತ ಬಿದ್ದಿರುತ್ತವೆ. ಪಕ್ಕದ ಮನೆಯ ಪಾಪಮ್ಮ, “ಏನ್ ಗಂಗಣ್ಣ, ಹಲ್ಲಿನೂ ಬಾಳಲ್ವಲ್ಲೋ ನಿನ್ ಮನೇಲಿ!” ಎಂದು ಛೇಡಿಸಿದಳು. “ಬಾಡಿಗೆ ಕೊಡದೋರ್ನ ಇಟ್ಕೊಳಲ್ಲ ಕಣಕ್ಕಾ” ಎಂದು ಇವನು ನಕ್ಕ. ನಗುತ್ತಲೇ ಕೆಮ್ಮು ಹತ್ತಿತು. ಒಂದು ವಾರದಿಂದ ಅಲ್ಲೇ ಮಲಗುತ್ತಿದ್ದಾನೆ. ಅಂಗೈ ಸಿಪ್ಪೆ ಎದ್ದಿದೆ, ಊಟ ಸೇರುತ್ತಿಲ್ಲ. ಸುಣ್ಣದ ಕಾವಿರಬೇಕು. ನೀನು ಬಂದು ಎರಡು ಹೊತ್ತು ಬಿಸಿಮುದ್ದೆ ಬಡಿಸಿದರೆ ಚೇತರಿಸಿಕೊಳ್ಳುತ್ತಾನೆಂದು ನಂಬಿದ್ದೇನೆ. ಎಳೆಯರು ತಮ್ಮ ಕೈಯಾರೆ ಮನೆ ಕಟ್ಟಿಕೊಳ್ಳುವುದನ್ನು ನೋಡುವ ಭಾಗ್ಯ ಎಷ್ಟು ಮೇಷ್ಟ್ರುಗಳಿಗೆ ಸಿಕ್ಕೀತು, ಹೇಳು.

ನಿಮ್ಮ ಮೂವರ ಮನೆ ನಗುವಿನಿಂದ ತುಂಬಿರಲಿ ಎಂದು ಹರಸುವ,

ನಿನ್ನ ದೊಡ್ಡಪ್ಪ
ವೆಂಕಟರಾಯಪ್ಪ

ಸೋಮವಾರ ಬೆಳಗ್ಗೆ: ಮಗೂ, ಹೊರಡಬೇಡ. ಮೇಲಿನದನ್ನು ಹರಿದು ಮತ್ತೆ ಬರೆಯಲು ಹೊತ್ತಿಲ್ಲ. ಲಕೋಟೆ ಅಂಟಿಸುವ ಮೊದಲೇ ಗಂಗಣ್ಣ ವಾಂತಿ ಮಾಡಿಕೊಂಡು ಕುಸಿದುಬಿದ್ದ; ಆಸ್ಪತ್ರೆಗೆ ಸೇರಿಸಿದ್ದೇನೆ. ಮಾತಾಡುತ್ತಿದ್ದಾನೆ. ಇನ್ನೆರಡು ದಿನ ಕಳೆಯದೆ ಏನೂ ಹೇಳಲಾಗದೆನ್ನುತ್ತಾರೆ ಡಾಕ್ಟರು. ಆ ಪುಡಿ ಪಾಷಾಣವಂತೆ. ಕುಂಟೆಗೆ ಎರಚುವಾಗ ನೂರು ಪಾಲು ಮಣ್ಣಿಗೆ ಒಂದೇ ಪಾಲು ಬೆರೆಸುತ್ತಾರೆ, ದನಗಳು ಉಳಿಯುವುದು ಅದರಿಂದ. ನಾವು ಇಡೀ ಡಬ್ಬಿಯನ್ನೇ ಸುರಿದೆವು. ಅವನನ್ನು ಬೈಯಬೇಡ, ಅನುಮಾನ ಬಂದೂ ಸುಮ್ಮನಾದವನು ನಾನು. ನೀನೂ ಮಗುವೂ ತವರು ತೂಬಗೆರೆ ಬಿಟ್ಟು ಕದಲಕೂಡದು. ಈ ಕಾಗದ ತಂದವನ ಗಾಡಿಯಲ್ಲೇ ನಿಮ್ಮಪ್ಪನನ್ನು ಕಳಿಸು. ತಮ್ಮಾ ಮುನಿವೆಂಕಟಪ್ಪಾ, ಗುದ್ದಲಿಯನ್ನೂ ಮೂಗುಬಾಯಿಗೆ ಕಟ್ಟಿಕೊಳ್ಳಲು ಬಟ್ಟೆಯನ್ನೂ ತೆಗೆದುಕೊಂಡು ಬಾ. ಗೋಡೆ ನೆನೆಸಿ, ಮಣ್ಣು ಕಾಣುವ ತನಕ ಕೆರೆದು, ಊರಾಚೆ ಆಳವಾಗಿ ಹೂಳಬೇಕು. ನೀರು ಸೇದಿಟ್ಟಿರುತ್ತೇನೆ, ನೀನು ಗಾಡಿ ಇಳಿದ ಕ್ಷಣವೇ ಶುರುಮಾಡೋಣ.