ತೊಂಬತ್ತನಾಲ್ಕು ದಿನ

ಜೂನ್ ೧೨, ಬುಧವಾರ. ಸೈತಾಮಾ.

ಅಮ್ಮನ ಪೌರತ್ವದ ಅರ್ಜಿಯನ್ನು ಇವತ್ತು ತೆಗೆದುಕೊಳ್ಳಲಿಲ್ಲ. ಕಾರಣ ನಾನು.

ಜಪಾನಿನಲ್ಲಿ ಸತತ ಐದು ವರ್ಷ ಇದ್ದಿರಬೇಕು. ಅಧಿಕಾರಿ ಕುವಾಬಾರಾ ಪಾಸ್‌ಪೋರ್ಟಿನ ಮುದ್ರೆಗಳನ್ನು ಎಣಿಸಿ, "ಹೋದ ವರ್ಷ ಫಿಲಿಪೀನ್ಸಲ್ಲಿ ಒಂದೇ ಸಲ ತೊಂಬತ್ತನಾಲ್ಕು ದಿನ ಇದ್ರಲ್ಲಮ್ಮ. ತೊಂಬತ್ತು ದಾಟಿದ್ರೆ ಮತ್ತೆ ಮೊದಲಿಂದ ಐದು ವರ್ಷ. ಯಾಕೆ ಉಳ್ಕೊಂಡ್ರಿ?" ಅಂದರು.

"ಮಗಳಿಗೆ ಜ್ವರ ಇತ್ತು."

ಕ್ಲಾಸ್ ಬಿಟ್ಟು ಧೈರ್ಯಕ್ಕೆಂದು ಪಕ್ಕದಲ್ಲಿ ಕೂತಿದ್ದ ನಾನು ನನ್ನ ಶೂ ನೋಡಿಕೊಂಡೆ.

ಜ್ವರ ಎಲ್ಲಿತ್ತು? ಅಜ್ಜಿಯ ಆರೈಕೆಗೆ ಫಿಲಿಪೀನ್ಸಿಗೆ ಬಂದಿದ್ದ ಅಮ್ಮ ಎಂಬತ್ತೇಳನೇ ದಿನಕ್ಕೆ ಟಿಕೆಟ್ ಮಾಡಿಸಿದ್ದಳು. ಪರೀಕ್ಷೆ ಮುಗಿಯುವವರೆಗೆ ಅವಳು ಇರಲಿ ಅಂತ, ಆಗ ಅಲ್ಲೇ ಓದುತ್ತಿದ್ದ ನಾನು ಬಾಗಿಯೊ ಊರಿನ ಹಾಸ್ಟೆಲಿನಲ್ಲಿ ಥರ್ಮಾಮೀಟರನ್ನು ಬಿಸಿ ಶುಂಠಿ ಚಹಾಕ್ಕೆ ಅದ್ದಿ ತೋರಿಸಿದ್ದೆ. ಅವಳು ಒಂದು ವಾರ ಉಳಿದಳು.

ವಾಪಸ್ ಬರುವಾಗ ರೈಲಿನಲ್ಲಿ, "ಅಮ್ಮಾ, ಆ ಜ್ವರ..." ಅಂದೆ.

ಅಮ್ಮ ನಕ್ಕಳು. "ವೃದ್ಧಾಶ್ರಮದಲ್ಲಿ ದಿನಾ ನಲವತ್ತು ಮುದುಕರ ಜ್ವರ ನೋಡೋಳು ಕಣೇ ನಾನು. ನಲವತ್ತೆರಡು ಡಿಗ್ರಿ ಇಟ್ಕೊಂಡು ಎರಡು ತಟ್ಟೆ ಅನ್ನ ತಿಂದೋಳು ನೀನೊಬ್ಬಳೇ."

ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು. ಪಕ್ಕದಲ್ಲೇ ಮಲಗಿದ್ದಾಳೆ. ತೊಂಬತ್ತರ ಲೆಕ್ಕವೂ ಆಗಲೇ ಗೊತ್ತಿತ್ತಾ ಅಂತ ಕೇಳುವ ಧೈರ್ಯ ನನಗಿಲ್ಲ.