ಸ್ಪೇನಿನ ರೈಲಿನಲ್ಲಿ ಬಿಚ್ಚಿದ ಗಂಟುಗಳು

ಏನೂಂದ್ರೆ,

ಹರಕೆ ತೀರಿಸಲು ಬೀರಪ್ಪನ ಗುಡಿಗೆ ಹೊರಟಿದ್ದೇನೆ. ಮುದ್ದೆ ಮಾಡಿಟ್ಟಿದ್ದೇನೆ, ಸಾರು ನೀವೇ ಬಿಸಿ ಮಾಡಿಕೊಳ್ಳಿ.

“ಶಿರಾ ಬಸ್‌ಸ್ಟ್ಯಾಂಡ್ನಾಗೇ ದಾರಿ ತಪ್ಪೋಳು ನೀನು! ಸ್ಪೇನ್ನಾಗೆ ಒಬ್ಳೇ ರೈಲಾಗೆ ಓಡಾಡ್ಕೊಂಡು ಬಂದ್ಬುಟ್ರೆ ಕುರಿ ನಾನೇ ಕಾಯ್ತೀನಿ ಕಣೇ” ಅಂದಿದ್ದಿರಿ.

ಸ್ಪೇನಿನಲ್ಲಿ ಕುರಿಗಾರರ ಸಭೆ ಮುಗಿಸಿ ಕಾರ್ಡೊಬಾದಿಂದ ಸೆವಿಲ್‌ಗೆ ಒಬ್ಬಳೇ ಹೋದೆ. ಅಲ್ಲಿಯ ಅಕ್ಷರ ನನಗೆ ಬಾರದು. ಟಿಕೆಟ್ಟಿನವಳು ಬೆರಳಲ್ಲಿ ತೋರಿಸಿದಷ್ಟು ನಿಲ್ದಾಣಕ್ಕೆ, ಕುರಿ ಎಣಿಸುವ ಹಾಗೆಯೇ ಕಂಬಳಿಯ ಅಂಚಿನ ದಶಿಗೆ ಒಂದೊಂದು ಗಂಟು ಹಾಕಿಕೊಂಡೆ. ರೈಲು ನಿಂತಾಗಲೆಲ್ಲ ಒಂದು ಬಿಚ್ಚಿದೆ. ಕಡೆಯ ಗಂಟಿಗೆ ಇಳಿದರೆ, ಎದುರಿಗೇ ಸೆವಿಲ್! ಬೀರಪ್ಪ ಜೊತೆಯಲ್ಲೇ ಕೂತಿದ್ದ.

ಅದೇ ಕಂಬಳಿ ಗೂಟದಲ್ಲಿದೆ. ನಮ್ಮ ಕುರಿಗಳಷ್ಟೂ ಗಂಟು ಹಾಕಿದ್ದೇನೆ. ಸಂಜೆ ಹಟ್ಟಿಗೆ ಒಂದೊಂದು ಬಂದಂತೆ ಒಂದೊಂದು ಬಿಚ್ಚಿ.

ಸೆವಿಲ್‌ನಲ್ಲಿ ಇಳಿದಾಗ ನನಗೆ ಒಂದು ಗಂಟೂ ಉಳಿದಿರಲಿಲ್ಲ.

ಹನುಮಕ್ಕ