ಅತ್ತೆ ಹೇಳಿಕೊಡುವ ಚುಕ್ಕಿಗಳು

ಜನವರಿ 7, ಶನಿವಾರ
ಐದನೇ ಕ್ಲಾಸಿಗೆ ಚಂದ್ರನ ಕಲೆಗಳು ಮುಗೀತು. ಒಂದು ಬಲ್ಬು, ಒಂದು ರಬ್ಬರ್ ಚೆಂಡು, ಅಷ್ಟೇ ಖರ್ಚು. ಮುಂದಿನ ಪೀರಿಯಡ್ಡು ಅತ್ತೆಯದು. ನಮ್ಮ ಜನರ ನಕ್ಷತ್ರದ ಕಥೆಗಳು. ವಿಜ್ಞಾನದ ಜೊತೆ ಅದೂ ಇರಲಿ ಅಂತ ಹೆಡ್‌ಮೇಡಂ ಕರೆಸಿದ್ದು. ನನ್ನನ್ನು ಒಂದು ಮಾತೂ ಕೇಳದೆ. ಅತ್ತೆ ಬಾಗಿಲು ಹಾಕಿಕೊಂಡು ಪಾಠ ಮಾಡ್ತಾರೆ. ಯಾಕೆ?

ಜನವರಿ 14
ಒಳಗೆ ನಗು. ಬಾಗಿಲು ತಳ್ಳಿದೆ — ಗಪ್‌ಚುಪ್. ಮುಂದಿನ ಬೆಂಚಿನ ಬಾಯಿಬಡುಕಿ ಕೂಡ ನೆಲ ನೋಡುತ್ತಾ ಕೂತಳು. ಏನು ನಡೀತಿತ್ತು ಅಂದರೆ ಎಲ್ಲರದೂ ಒಂದೇ ರಾಗ, ಏನಿಲ್ಲ ಮಿಸ್.
ಮನೇಲಿ ಇವರ ಕಿವಿಗೆ ಹಾಕಿದೆ. ಅಮ್ಮನ ಮೇಲೂ ಅನುಮಾನವಾ ನಿನಗೆ ಅಂದು ಪೇಪರ್ ತಿರುವಿದರು. ನನ್ನ ಪಾಠವೆಲ್ಲ ಸುಳ್ಳು ಅಂತಲೇ ಅತ್ತೆ ಹೇಳಿಕೊಡ್ತಿರಬೇಕು. ಚಂದ್ರ ಬರೀ ಕಲ್ಲು ಅಂದರೆ ಮಕ್ಕಳಿಗೆ ಬೇಜಾರಾಗಲ್ವಾ ಅಂತ ಮೊನ್ನೆ ಅಂದಿದ್ದರಲ್ಲ...

ಜನವರಿ 28
ಹೋದ ವಾರ ಬರೆಯಲಿಲ್ಲ. ಸಿಟ್ಟಿಗೆ ಕೈ ಓಡಲಿಲ್ಲ.
ಟೆಸ್ಟಲ್ಲಿ ಸಾಲಾಗಿ ನಿಂತ ಮೂರು ನಕ್ಷತ್ರಗಳ ಬಗ್ಗೆ ಕೇಳಿದ್ದೆ. ಎಲ್ಲರೂ ನಾನು ಹೇಳಿದ್ದನ್ನೇ ಬರೆದಿದ್ದಾರೆ. ಹಾಗಾದರೆ ಮುಚ್ಚಿಡೋದೇನು?

ಫೆಬ್ರವರಿ 4
ಹಿಂದಿನ ಕಿಟಕಿ ಹತ್ತಿರ ನಿಂತೆ. ನಾಚಿಕೆಯಾಯಿತು. ಆದರೂ ನಿಂತೆ.
ಅದೇ ಮೂರು ಚುಕ್ಕಿಯ ಕಥೆ. ಆಕಾಶಕ್ಕೆ ನೀರು ಹೊತ್ತ ಅಕ್ಕತಂಗಿಯರು. ನಡುವಿನವಳ ಹತ್ತಿರ ಬಂದು ಅತ್ತೆ ನಿಂತುಬಿಟ್ಟರು. ಎತ್ತಿದ ಕೈ ಎತ್ತಿದ ಹಾಗೇ. ಬಾಯಿಬಡುಕಿ ಮೆಲ್ಲಗೆ, "ಅವಳ ಕೊಡ ತೂತಾಗಿತ್ತು ಅಜ್ಜಿ."
"ಹೌದಲ್ಲ... ಆಮೇಲೆ?"
ಇನ್ನೊಬ್ಬ ಕಥೆ ಮುಂದುವರಿಸಿದ. ಮತ್ತೊಬ್ಬಳು. ಇಡೀ ಕ್ಲಾಸು ಅಜ್ಜಿಗೆ ಅಜ್ಜಿಯದೇ ಕಥೆ ಹೇಳುತ್ತಿತ್ತು.
ಆಮೇಲೆ ಬಾಯಿಬಡುಕಿಯನ್ನು ಕರೆದು ಕೇಳಿದೆ. ಮೊದಲಿನಿಂದಲೂ ಹೀಗೇ ಅಂತೆ. ನನಗ್ಯಾಕೆ ಹೇಳಲಿಲ್ಲ?
"ಹೇಳಿದ್ರೆ ಅಜ್ಜೀನ ಮನೇಲೇ ಕೂರಿಸ್ತೀರಲ್ವಾ ಮಿಸ್?"


ಫೆಬ್ರವರಿ 5
ತರಕಾರಿ ಹೆಚ್ಚುತ್ತಾ ಅತ್ತೆಯೇ ಮಾತು ತೆಗೆದರು. ಕಿಟಕಿಯಲ್ಲಿ ನಿನ್ನನ್ನು ನೋಡಿದೆ ಅಂದರು. ಸಿಟ್ಟಿರಲಿಲ್ಲ.
"ನನ್ನ ಮಗನಿಗೆ ಹೇಳಬೇಡ. ಒಂದು ಕಥೆ ಮಕ್ಕಳಿಗೆ ಬಾಯಿಪಾಠ ಆಯ್ತು. ಇನ್ನೂ ಎರಡಿದೆ. ಅದನ್ನೂ ದಾಟಿಸಿಬಿಡ್ತೀನಿ."
ಹೂಂ ಅಂದೆ. ಈರುಳ್ಳಿ ನೆಪವಾಯಿತು.

ಫೆಬ್ರವರಿ 11, ಸಂಜೆ
ಎರಡೂ ಪೀರಿಯಡ್ಡು ಸೇರಿಸಿ, ಅತ್ತೆಯ ಪಕ್ಕ ಕೂತೆ. ಎರಡನೇ ಕಥೆ ಅರ್ಧ ಆಯಿತು.
ಮನೆಗೆ ಬಂದರೆ ಇವರ ಮುಖ ಗಂಟು. "ಬೆಳಿಗ್ಗೆ ಅಮ್ಮ ನನ್ನನ್ನ ಅಪ್ಪನ ಹೆಸರು ಹಿಡಿದು ಕರೆದರು, ನೀವಿಬ್ಬರೂ ಏನೋ ಮುಚ್ಚಿಡ್ತಿದ್ದೀರಿ" ಅಂದರು. ಅತ್ತೆ ನನ್ನ ಕಡೆ ನೋಡಿದರು. ಏನಿಲ್ಲ ಅಂದೆ. ಇವರು ನಂಬಲಿಲ್ಲ. ಈಗಲೂ ಹಿಂದೆ ಬಂದು ನಿಂತಿದ್ದಾರೆ. ಏನು ಬರೀತಿದ್ದೀಯ ಅಂತ...